ಪ್ರೊಫೆಸರ್ ಚಂದ್ರಶೇಖರರ ಬಿಲ್ಲೆಗಳು

ಮಡಿಕೇರಿಯ ಮಳೆಗಾಲದ ಸಂಜೆಗಳಲ್ಲಿ ಒಲೆಯ ಬದಿಗೆ ಅಕ್ಕಿರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸುವುದನ್ನು ಕಂಡಾಗಲೆಲ್ಲ ನನಗೆ ನೆನಪಾಗುವವರು ಭೌತವಿಜ್ಞಾನಿ ಶಿವರಾಮಕೃಷ್ಣ ಚಂದ್ರಶೇಖರರು. ರೊಟ್ಟಿಗೂ ವಿಜ್ಞಾನಕ್ಕೂ ಏನು ನಂಟೆಂದು ವಾಚಕರು ನಗಬಹುದು. ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ.

ನಕ್ಷತ್ರಗಳ ಅಧ್ಯಯನಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಚಂದ್ರಶೇಖರರು ಬೇರೆ, ಇವರು ಬೇರೆ. ಅವರು ಸರ್ ಸಿ. ವಿ. ರಾಮನ್ನರ ಅಣ್ಣನ ಮಗ. ಇವರು ತಂಗಿಯ ಮಗ. ನಮ್ಮ ವಿದ್ಯಾರ್ಥಿಗಳು ಒಬ್ಬರ ಕೀರ್ತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಡುತ್ತಾರೆ. ಕಲಾಶಾಲೆಯಲ್ಲಿ ಇದನ್ನು ತಿದ್ದಿ ತಿದ್ದಿ ನಾನು ಸೋತಿದ್ದೇನೆ.

ಇವರು 1930ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು. ನಾಗಪುರದಲ್ಲಿ ಓದಿ, ಬೆಂಗಳೂರಿನಲ್ಲಿ ಸೋದರಮಾವನ ಬಳಿಯೇ ಸಂಶೋಧನೆಯನ್ನು ಕಲಿತು, ಕೇಂಬ್ರಿಜ್ ಲಂಡನ್ನುಗಳನ್ನು ಕಂಡು, 1961ರಲ್ಲಿ ಮೈಸೂರಿಗೆ ಬಂದರು. ಮಾನಸಗಂಗೋತ್ರಿ ಆಗತಾನೇ ತಲೆಯೆತ್ತುತ್ತಿತ್ತು. ಅಲ್ಲಿನ ಭೌತವಿಜ್ಞಾನ ವಿಭಾಗಕ್ಕೆ ಇವರೇ ಮೊದಲ ಮುಖ್ಯಸ್ಥರು. ದ್ರವಸ್ಫಟಿಕಗಳ ಕಡೆಗೆ ಅವರ ಮನಸ್ಸು ತಿರುಗಿದ್ದು ಆ ಹತ್ತು ವರ್ಷಗಳಲ್ಲಿ.

ದ್ರವಸ್ಫಟಿಕವೆಂದರೆ ನೀರಿನಂತೆ ಹರಿಯುವ, ಆದರೂ ಹರಳಿನ ಕ್ರಮವನ್ನು ಪೂರಾ ಬಿಟ್ಟುಕೊಡದ ವಸ್ತು. 1888ರಲ್ಲಿ ಸಸ್ಯವಿಜ್ಞಾನಿ ರೈನಿಟ್ಸರ್ ಕಂಡ ಪದಾರ್ಥವು ಎರಡು ಬಾರಿ ಕರಗಿತು: 145.5 ಡಿಗ್ರಿಯಲ್ಲಿ ಮಂಜುಮಂಜಾದ ದ್ರವವಾಯಿತು, 178.5ರಲ್ಲಿ ತಿಳಿಯಾಯಿತು. ಇದರ ಗುಟ್ಟು ಅಣುವಿನ ಆಕಾರದಲ್ಲಿದೆ. ಅಣು ಕಡ್ಡಿಯಂತೆ ನೀಳವಾಗಿದ್ದರೆ, ಕಾವೇರಿಗೆ ಬಿಟ್ಟ ಬಿದಿರ ಗಳಗಳಂತೆ ಅವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ತೇಲುತ್ತವೆ. ಆ ದಿಕ್ಕಿನ ಉದ್ದಕ್ಕೆ ಬೆಳಕಿನ ನಡೆ ಒಂದು ತೆರ, ಅಡ್ಡಕ್ಕೆ ಇನ್ನೊಂದು ತೆರ. ಸ್ವಲ್ಪ ವಿದ್ಯುತ್ತನ್ನು ತಾಗಿಸಿದರೆ ಸಾಲಿಗೆ ಸಾಲೇ ಹೊರಳುತ್ತದೆ. ಕೈಗಡಿಯಾರದ ಅಂಕಿಗಳು ಮೂಡುವುದು ಹೀಗೆ. ಕಡ್ಡಿಯ ತುದಿಯ ಬಾಲವನ್ನು ಉದ್ದ ಮಾಡಿದರೆ, ಗಿಡ್ಡ ಮಾಡಿದರೆ ಕರಗುವ ಉಷ್ಣತೆಯೇ ಬದಲಾಗುತ್ತದೆ. ಆದುದರಿಂದ ಅಣು ನೀಳವಾಗಿರಲೇಬೇಕೆಂಬುದು ಸುಮಾರು 90 ವರ್ಷ ಎಲ್ಲರ ನಂಬಿಕೆಯಾಗಿತ್ತು.

ಚಂದ್ರಶೇಖರರು 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕಗಳ ಪ್ರಯೋಗಾಲಯವನ್ನು ಕಟ್ಟಿದರು. ಕಡ್ಡಿಯ ಬದಲಿಗೆ ಚಪ್ಪಟೆ ಬಿಲ್ಲೆಯಾದರೆ ಏನಾದೀತೆಂದು ಅಲ್ಲಿ ಪರೀಕ್ಷಿಸಹೊರಟರು. ಬೆಂಜೀನ್ ಉಂಗುರದ ಆರು ಮೂಲೆಗಳಿಗೂ ಒಂದೊಂದು ಮೆತ್ತನೆಯ ಬಾಲ. ಬಾಲ ತೀರ ಮೊಟಕಾದರೆ ವಸ್ತು ನೇರವಾಗಿ ಕರಗಿಬಿಡುತ್ತದೆ. ರಸಾಯನಜ್ಞ ಬಿ. ಕೆ. ಸದಾಶಿವರು ಅಣುಗಳನ್ನು ಕಟ್ಟಿದರು, ಕೆ. ಎ. ಸುರೇಶರು ಪರೀಕ್ಷೆಗಳಲ್ಲಿ ಜೊತೆಗೂಡಿದರು. ಏಳು ಇಂಗಾಲಗಳ ಬಾಲವುಳ್ಳ ವಸ್ತು ಸುಮಾರು 81 ಡಿಗ್ರಿಯಲ್ಲಿ ಕರಗಿತು, ಆದರೆ 87ರ ತನಕ ಪೂರಾ ದ್ರವವಾಗಲಿಲ್ಲ. ಈ ಆರು ಡಿಗ್ರಿಗಳ ನಡುವೆ ಕ್ಷಕಿರಣಗಳು ತೋರಿಸಿದ್ದು ಕಂಬಗಳನ್ನು: ಬಿಲ್ಲೆಯ ಮೇಲೆ ಬಿಲ್ಲೆ, ನಮ್ಮ ರೊಟ್ಟಿಗಳಂತೆ. ಕಂಬಗಳ ನಡುವೆ ಜೇನುಗೂಡಿನ ಕ್ರಮವಿದೆ. ಒಂದು ಕಂಬದೊಳಗೆ ಮಾತ್ರ ಬಿಲ್ಲೆಗಳ ಅಂತರ ಏರುಪೇರು. ಎಂದರೆ ಎರಡು ದಿಕ್ಕಿನಲ್ಲಿ ಹರಳು, ಮೂರನೆಯದರಲ್ಲಿ ದ್ರವ! ಆಕಾರ ಬದಲಾದೊಡನೆ ಗುಣಗಳೂ ತಿರುವುಮುರುವಾದವು. ಕಡ್ಡಿಗಳಲ್ಲಿ ಮುಖ್ಯ ಅಕ್ಷದ ಉದ್ದಕ್ಕೆ ಕಂಪಿಸುವ ಬೆಳಕು ನಿಧಾನ. ಬಿಲ್ಲೆಗಳಲ್ಲಿ ಅದೇ ವೇಗ.

1977ರಲ್ಲಿ ಅವರು ಇದನ್ನು ಹೊರನಾಡಿನ ಯಾವ ದೊಡ್ಡ ಪತ್ರಿಕೆಗೂ ಕಳುಹಿಸದೆ, ಬೆಂಗಳೂರಿನ ‘ಪ್ರಮಾಣ’ದಲ್ಲಿಯೇ ಪ್ರಕಟಿಸಿದರು. ಆಗ ‘ಪ್ರಮಾಣ’ ಇನ್ನೂ ಎಳೆಯ ಪತ್ರಿಕೆ. ಅಲ್ಲಿ ಅಚ್ಚಾದುದನ್ನು ಜಗತ್ತು ಓದೀತೇ ಎಂಬ ಅಂಜಿಕೆ ಯಾರಿಗಾದರೂ ಸಹಜ. ಜಗತ್ತು ಓದಿತು. 1983ರ ರಾಯಲ್ ಸೊಸೈಟಿಯ ಸದಸ್ಯತ್ವಕ್ಕಿಂತ, 1998ರ ಪದ್ಮಭೂಷಣಕ್ಕಿಂತ, ಈ ಒಂದು ನಿರ್ಧಾರಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ.

ಮುಂದೆ ಆ ಕಂಬಗಳ ಉದ್ದಕ್ಕೆ ವಿದ್ಯುದಂಶಗಳು ಸಲೀಸಾಗಿ ಸಾಗುತ್ತವೆಂದು ತಿಳಿದುಬಂತು. ಚಪ್ಪಟೆ ಪರದೆಗಳನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಲು ಬಿಲ್ಲೆಯಣುಗಳ ತೆಳುಪೊರೆಯನ್ನು ಬಳಸಿದರು. ನಿವೃತ್ತರಾದ ಬಳಿಕವೂ ಚಂದ್ರಶೇಖರರು ಸುಮ್ಮನೆ ಕೂರದೆ, 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. 2004ರ ಮಾರ್ಚಿ 8ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಪಾಠಕ್ಕೆ ನಾನು ರೊಟ್ಟಿಯ ಹೋಲಿಕೆಯನ್ನೇ ಹೇಳುತ್ತಿದ್ದೆ. ಹಾಗಾದರೆ ಬಾಲಗಳೆಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳು. ಈಗ ಅಂಚಿಗೆ ಆರು ದಾರ ಹೊಲಿದ ರಟ್ಟಿನ ಬಿಲ್ಲೆಗಳನ್ನು ತರಗತಿಗೆ ಒಯ್ಯುತ್ತೇನೆ.