ಇಬ್ನ್ ಖಲ್ದೂನ್: ಸೋಲನ್ನು ಓದಿದವರು

ಸಮಾಜಶಾಸ್ತ್ರ ಓದುವವರಿಗೆ ಇಬ್ನ್ ಖಲ್ದೂನ್ ಹೆಸರು ಹೊಸದಲ್ಲ. ಆದರೆ ಈ ದೊಡ್ಡ ವಿದ್ವಾಂಸರು ಪ್ರಾಯದಲ್ಲಿ ಬೆನ್ನು ಹತ್ತಿದ್ದು ರಾಜಕೀಯವನ್ನು. ಅದರಲ್ಲಿ ಅವರು ಮತ್ತೆ ಮತ್ತೆ ಸೋತರು.

ಹುಟ್ಟಿದ್ದು 1332ರಲ್ಲಿ, ಟ್ಯುನಿಸ್ ನಗರದಲ್ಲಿ. ಹದಿನೇಳರ ಹೊತ್ತಿಗೆ ಪ್ಲೇಗ್ ಮಾರಿ ತಂದೆ ತಾಯಿಯನ್ನೂ ಹಲವು ಗುರುಗಳನ್ನೂ ಕಸಿದುಕೊಂಡಿತು. ಮುಂದೆ ಫೆಝ್ ನಗರದ ದರ್ಬಾರು ಸೇರಿದರು. ಪಿತೂರಿಯ ಸಂಶಯದ ಮೇಲೆ 1357ರಲ್ಲಿ ಸೆರೆಮನೆ ಸೇರಿದವರು ಸುಲ್ತಾನ ತೀರಿಕೊಂಡ ಮೇಲೆಯೇ ಹೊರಬಂದದ್ದು. ಗ್ರನಾಡಾದಲ್ಲಿ ಒಳ್ಳೆಯ ದಿನಗಳು ಬಂದವು, ಹೋದವು. ಬಿಜಾಯಾದಲ್ಲಿ ಆಡಳಿತದ ಉನ್ನತ ಹುದ್ದೆ ಸಿಕ್ಕಿತು. ಮರುವರ್ಷವೇ ಅಲ್ಲಿನ ಅಮೀರ ಯುದ್ಧದಲ್ಲಿ ಸತ್ತ. ಇದೆಲ್ಲ ಬರೀ ದುರದೃಷ್ಟವಲ್ಲ. ಗೆಲ್ಲುವವರ ಕಡೆಗೆ ವಾಲುವ ಚಾಳಿಯೂ ಅವರಿಗಿತ್ತು.

1375ರಲ್ಲಿ ದಣಿದು, ಇಂದಿನ ಅಲ್ಜೀರಿಯಾದಲ್ಲಿರುವ ಇಬ್ನ್ ಸಲಾಮಾ ಕೋಟೆಯಲ್ಲಿ ಕುಟುಂಬದೊಂದಿಗೆ ನೆಲೆಸಿದರು. ತಾನು ಸೋತದ್ದೇಕೆ ಎಂದು ಅಲ್ಲಿ ಕೊರಗುತ್ತಾ ಕೂರಲಿಲ್ಲ. ಅರಮನೆಗಳು ಒಂದರ ಹಿಂದೊಂದು ಏಕೆ ಉರುಳುತ್ತವೆ ಎಂದು ಕೇಳಿಕೊಂಡರು. ಒಗ್ಗಟ್ಟು, ಅವರ ಮಾತಿನಲ್ಲಿ ಅಸಬಿಯ್ಯ, ಒಂದು ಗುಂಪನ್ನು ಸಿಂಹಾಸನಕ್ಕೆ ಏರಿಸುತ್ತದೆ. ಸುಖ ಆ ಒಗ್ಗಟ್ಟನ್ನು ಕರಗಿಸುತ್ತದೆ. ಮೂರು ನಾಲ್ಕು ತಲೆಮಾರಿನಲ್ಲಿ ವಂಶ ಮುಗಿಯುತ್ತದೆ. 1377ರಲ್ಲಿ, ಐದೇ ತಿಂಗಳಲ್ಲಿ 'ಮುಕದ್ದಿಮಾ' ಸಿದ್ಧವಾಯಿತು. ಬೀಳುವ ದರ್ಬಾರುಗಳ ಒಳಗೆ ನಿಂತು ನೋಡದವರಿಂದ ಆ ಪುಸ್ತಕ ಬರುತ್ತಿರಲಿಲ್ಲ ಎಂದೇ ನಮಗೆ ತೋರುತ್ತದೆ.

ಅದರಲ್ಲಿ ಕಲಿಸುವ ಬಗೆಯ ಕುರಿತ ಅಧ್ಯಾಯಗಳಿವೆ; ಪರೀಕ್ಷೆಯ ಫಲಿತಾಂಶಕ್ಕೆ ಹೆದರುವ ನಾವೂ ನಮ್ಮ ಮನೆಯವರೂ ಓದಬೇಕಾದವು. ದಂಡಿಸಿ ಕಲಿಸಿದರೆ ಮಗು ಹೆದರಿ ಸುಳ್ಳು, ನಟನೆ ರೂಢಿಸಿಕೊಳ್ಳುತ್ತದೆ, ಅದರ ಹುಮ್ಮಸ್ಸು ಕುಗ್ಗುತ್ತದೆ ಎಂಬುದು ಅವರ ನಿಲುವು. ಒಂದು ವಿಷಯವನ್ನು ಮೂರು ಸುತ್ತು ಕಲಿಸಬೇಕು: ಮೊದಲು ಸ್ಥೂಲವಾಗಿ, ಆಮೇಲೆ ವಿವರವಾಗಿ, ಕೊನೆಗೆ ಕಗ್ಗಂಟುಗಳನ್ನು ಬಿಡಿಸುತ್ತಾ. ಮೊದಲ ಸುತ್ತಿನಲ್ಲಿ ಪೂರ್ತಿ ತಿಳಿಯದಿರುವುದು ಅವರ ಲೆಕ್ಕದಲ್ಲಿ ದಡ್ಡತನವಲ್ಲ, ಕಲಿಕೆಯ ಸಹಜ ಮೆಟ್ಟಿಲು.

ಕೈರೋಗೆ ಬಂದು ಅಲ್-ಅಝ್‌ಹರ್‌ನಲ್ಲಿ ಪಾಠ ಹೇಳಿದರು. 1384ರಲ್ಲಿ ಮಾಲಿಕಿ ಪಂಥದ ಮುಖ್ಯ ಖಾಝಿಯಾದರು. ಶಿಫಾರಸುಗಳಿಗೆ ಮಣಿಯದ್ದಕ್ಕೆ ವೈರಿಗಳು ಹೆಚ್ಚಿದರು. ಅದೇ ಹೊತ್ತಿನಲ್ಲಿ ಟ್ಯುನಿಸ್‌ನಿಂದ ಕುಟುಂಬವನ್ನು ಕರೆತರುತ್ತಿದ್ದ ಹಡಗು ಸಮುದ್ರದ ಪಾಲಾಯಿತು. ಹುದ್ದೆಯೂ ಹೋಯಿತು. ಅವರು ಪಾಠಕ್ಕೆ ಮರಳಿದರು, 1387ರಲ್ಲಿ ಹಜ್ಜ್‌ಗೆ ಹೊರಟರು, ಬರೆದಿದ್ದನ್ನು ತಿದ್ದುತ್ತಲೇ ಇದ್ದರು.

1401ರಲ್ಲಿ ಡಮಾಸ್ಕಸ್‌ಗೆ ತೈಮೂರ್ ಮುತ್ತಿಗೆ ಹಾಕಿದಾಗ, ಎಪ್ಪತ್ತರ ಅಂಚಿನ ಈ ಮುದುಕರು ಕೋಟೆಗೋಡೆಯಿಂದ ಹಗ್ಗ ಹಿಡಿದು ಇಳಿದು ಅವನನ್ನು ಭೇಟಿಯಾದರು. ಮರಳುವ ದಾರಿಯಲ್ಲಿ ದರೋಡೆಗೊಳಗಾದರು. ಖಾಝಿ ಹುದ್ದೆ ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ಹೋಯಿತು. ಆರನೆಯ ಬಾರಿ ನೇಮಕಗೊಂಡ ಸ್ವಲ್ಪ ಕಾಲದಲ್ಲೇ, 1406ರ ಮಾರ್ಚ್‌ನಲ್ಲಿ ತೀರಿಕೊಂಡರು. ಕೈರೋದ ಬಾಬುನ್ನಸ್ರ್ ಹೆಬ್ಬಾಗಿಲಿನ ಹೊರಗೆ, ಸೂಫಿಗಳ ಖಬರಸ್ತಾನದಲ್ಲಿ ಅವರನ್ನು ದಫನ ಮಾಡಲಾಯಿತು.