ವರೆನ್ನಿನ ರಾತ್ರಿ: ಹದಿನಾರನೆಯ ಲೂಯಿಯ ಜೀವನ ಮತ್ತು ಘಟಿಸದ ಚರಿತ್ರೆ

ಹಾಗಾಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಸ್ಥಾನವಿಲ್ಲವೆಂಬ ಅಭಿಪ್ರಾಯ ವಾಡಿಕೆಯಲ್ಲಿದೆ. ಆದರೆ ಕೆಲವರ ಜೀವನವೃತ್ತಾಂತಗಳು ಆ ಪ್ರಶ್ನೆಯನ್ನು ತಮ್ಮೊಳಗೇ ಇರಿಸಿಕೊಂಡಿರುತ್ತವೆ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯದು ಅಂಥ ಜೀವನ. 1791ರ ಜೂನ್ ತಿಂಗಳಲ್ಲಿ ಅವನು ಪ್ಯಾರಿಸಿನಿಂದ ತಪ್ಪಿಸಿಕೊಂಡು ಗಡಿಯ ಕೋಟೆಯನ್ನು ಸೇರಿದ್ದರೆ ಕ್ರಾಂತಿಯ ಗತಿ ಬದಲಾಗುತ್ತಿತ್ತೆ? ಇದಕ್ಕೆ ಉತ್ತರವನ್ನು ಕೇವಲ ಕಲ್ಪನೆಯಲ್ಲಿ ಹುಡುಕದೆ, ಅವನ ಮತ್ತು ಅವನ ತಮ್ಮನ ಬದುಕಿನಲ್ಲಿ ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

ಲೂಯಿ ಜನಿಸಿದ್ದು 1754ರ ಆಗಸ್ಟ್ 23ರಂದು, ವರ್ಸೇಲ್ಸ್ ಅರಮನೆಯಲ್ಲಿ. ಸಿಂಹಾಸನ ಅವನಿಗೆ ನೇರವಾಗಿ ಬರಬೇಕಾದುದಲ್ಲ. 1761ರಲ್ಲಿ ಅಣ್ಣನೂ 1765ರಲ್ಲಿ ತಂದೆಯೂ ತೀರಿಕೊಂಡ ಕಾರಣ ಅವನು ಉತ್ತರಾಧಿಕಾರಿಯಾದನು. 1770ರಲ್ಲಿ ಆಸ್ಟ್ರಿಯದ ರಾಜಕುಮಾರಿ ಮೇರಿ ಆಂಟಾಯ್ನೆಟಳೊಂದಿಗೆ ವಿವಾಹವಾಯಿತು. 1774ರ ಮೇ 10ರಂದು ಅಜ್ಜ ಹದಿನೈದನೆಯ ಲೂಯಿ ನಿಧನನಾದಾಗ ಇವನಿಗೆ ಹತ್ತೊಂಬತ್ತು ವರ್ಷ. ಭೂಗೋಳ, ಬೇಟೆ, ಬೀಗ ತಯಾರಿಕೆಗಳಲ್ಲಿ ಆಸಕ್ತನಾಗಿದ್ದ ಅವನು ಇಂಗ್ಲಿಷ್ ಭಾಷೆಯನ್ನು ಬಲ್ಲವನಾಗಿದ್ದನು. ಶಿರಚ್ಛೇದಕ್ಕೊಳಗಾದ ಇಂಗ್ಲೆಂಡಿನ ಒಂದನೆಯ ಚಾರ್ಲ್ಸನ ಚರಿತ್ರೆಯನ್ನು ಓದಿಕೊಂಡಿದ್ದನು. ಜನಪ್ರಿಯ ಕಥನಗಳು ಚಿತ್ರಿಸುವಂತೆ ಅವನು ದಡ್ಡನಲ್ಲ. ನಿರ್ಧಾರ ಕೈಗೊಳ್ಳುವಲ್ಲಿನ ಹಿಂಜರಿಕೆಯೇ ಅವನ ದೌರ್ಬಲ್ಯವಾಗಿತ್ತು. ಸುಧಾರಣೆಗೆ ಮುಂದಾದ ತುರ್ಗೋನನ್ನು ಮಂತ್ರಿಯಾಗಿ ನೇಮಿಸಿಕೊಂಡವನೂ, ವಿರೋಧ ಬಂದಾಗ 1776ರಲ್ಲಿ ಅವನನ್ನು ಕೈಬಿಟ್ಟವನೂ ಇವನೇ. 1778ರಿಂದ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ನೀಡಿದ ನೆರವು ಬೊಕ್ಕಸದ ಮೇಲಿನ ಸಾಲವನ್ನು ಹೆಚ್ಚಿಸಿತು.

ಈ ಸಾಲದ ಕಥೆಗೂ ಕರ್ನಾಟಕದ ಚರಿತ್ರೆಗೂ ಸಂಬಂಧವಿದೆ. ಬ್ರಿಟಿಷರ ವಿರುದ್ಧ ಮೈತ್ರಿಯನ್ನು ಬಯಸಿ ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳನ್ನು ಲೂಯಿ 1788ರ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಸ್ವಾಗತಿಸಿದನು. ಅದಕ್ಕೆ ಎರಡು ದಿನ ಮೊದಲು, ಎಸ್ಟೇಟ್ಸ್ ಜನರಲ್ ಸಭೆಯನ್ನು ಮುಂದಿನ ಮೇ ತಿಂಗಳಿಗೆ ಕರೆಯಲಾಗಿತ್ತು. ಆರು ದಿನಗಳ ನಂತರ, ಅಂದರೆ ಆಗಸ್ಟ್ 16ರಂದು, ಬೊಕ್ಕಸವು ತನ್ನ ಪಾವತಿಗಳನ್ನು ಭಾಗಶಃ ತಡೆಹಿಡಿಯಿತು. ರಾಯಭಾರಿಗಳಿಗೆ ಸತ್ಕಾರ ದೊರೆಯಿತು, ಸೈನ್ಯ ದೊರೆಯಲಿಲ್ಲ. ಫ್ರೆಂಚರ ನೆರವು ಬಂದಿದ್ದರೆ ಮೈಸೂರಿನ ಗತಿ ಬೇರೆಯಾಗುತ್ತಿತ್ತು ಎಂಬ ಊಹೆಯನ್ನು ಈ ದಿನಾಂಕಗಳ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

1789ರ ಮೇ 5ರಂದು ಎಸ್ಟೇಟ್ಸ್ ಜನರಲ್ ಸೇರಿತು. ಜುಲೈ 14ರಂದು ಬ್ಯಾಸ್ಟಿಲ್ ಕೋಟೆ ಜನರ ವಶವಾಯಿತು. ಅಕ್ಟೋಬರ್ 6ರಂದು ರಾಜಪರಿವಾರವನ್ನು ಪ್ಯಾರಿಸಿನ ಟ್ಯುಲರಿ ಅರಮನೆಗೆ ಕರೆತರಲಾಯಿತು. 1791ರ ಏಪ್ರಿಲ್ 18ರಂದು ಸಮೀಪದ ಸೇಂಟ್ ಕ್ಲೌಡಿಗೆ ಹೊರಟ ದೊರೆಯ ಗಾಡಿಯನ್ನು ಜನ ತಡೆದಾಗ, ತಾನು ಬಂದಿ ಎಂಬುದು ಅವನಿಗೆ ಖಚಿತವಾಯಿತು.

ಜೂನ್ 20ರ ಮಧ್ಯರಾತ್ರಿಯ ಹೊತ್ತಿಗೆ ಪಲಾಯನ ಆರಂಭವಾಯಿತು. ಗುರಿ ಈಶಾನ್ಯ ಗಡಿಯ ಮಾಂಮೆದಿ ಕೋಟೆ. ಅಲ್ಲಿ ಸೇನಾನಿ ಬೂಯೆ ಕಾದಿದ್ದನು. ಮಕ್ಕಳ ಪೋಷಕಿ ರಷ್ಯನ್ ಶ್ರೀಮಂತೆಯಾಗಿಯೂ, ದೊರೆ ಅವಳ ಸೇವಕನಾಗಿಯೂ ವೇಷ ತೊಟ್ಟಿದ್ದರು. ಕುಟುಂಬ ಒಟ್ಟಿಗೇ ಸಾಗಬೇಕೆಂಬ ಹಟದಿಂದ ಆರು ಜನರನ್ನು ಹೊತ್ತ ಭಾರವಾದ ಗಾಡಿಯನ್ನು ಆರಿಸಿಕೊಳ್ಳಲಾಗಿತ್ತು. ಗಾಡಿ ತಡವಾಯಿತು, ದಾರಿಯಲ್ಲಿ ಕಾದಿದ್ದ ಸೈನಿಕರು ಜನರ ಸಂಶಯಕ್ಕೆ ಗುರಿಯಾಗಿ ಹಿಂದೆ ಸರಿದರು. ಸೇಂಟ್ ಮೆನೆಹೂಲ್ ಎಂಬಲ್ಲಿ ಅಂಚೆಕುದುರೆಗಳ ಠಾಣೆಯ ಅಧಿಕಾರಿ ದ್ರೂಯೆ ದೊರೆಯನ್ನು ಗುರುತಿಸಿ, ಮುಂದಿನ ವರೆನ್ ಊರಿಗೆ ಧಾವಿಸಿದನು. ಅಲ್ಲಿ ಬದಲಿ ಕುದುರೆಗಳು ನದಿಯ ಆಚೆ ಬದಿಯಲ್ಲಿದ್ದವು, ಸೇತುವೆಗೆ ಅಡ್ಡಗಟ್ಟಲಾಗಿತ್ತು. ಫ್ರಾನ್ಸಿನ ದೊರೆ ಆ ರಾತ್ರಿಯನ್ನು ಸೋಸ್ ಎಂಬ ಕಿರಾಣಿ ವ್ಯಾಪಾರಿಯ ಮನೆಯಲ್ಲಿ ಕಳೆದನು. ಮಾಂಮೆದಿ ಇನ್ನು ಸುಮಾರು 50 ಕಿಲೋಮೀಟರ್ ದೂರವಿತ್ತು. ಬೂಯೆಯ ಪಡೆ ಬರುವಷ್ಟರಲ್ಲಿ ಗಾಡಿ ಪ್ಯಾರಿಸಿನತ್ತ ಹಿಂದಿರುಗಿತ್ತು.

ಅದೇ ರಾತ್ರಿ ದೊರೆಯ ತಮ್ಮ ಪ್ರೊವಾನ್ಸ್ ಪ್ರಭುವೂ ಪ್ಯಾರಿಸಿನಿಂದ ಹೊರಟಿದ್ದನು. ಹಗುರ ಗಾಡಿಯಲ್ಲಿ, ಬೇರೆ ದಾರಿಯಲ್ಲಿ ಸಾಗಿದ ಅವನು ಗಡಿ ದಾಟಿ ಸುರಕ್ಷಿತನಾದನು. ಘಟಿಸದ ಚರಿತ್ರೆಯ ಒಂದು ಮಾದರಿ ಇಲ್ಲಿ ಘಟಿಸಿದೆ ಎಂಬುದು ಗಮನಾರ್ಹ. ಜರ್ಮನಿ, ಇಟಲಿ, ರಷ್ಯ, ಇಂಗ್ಲೆಂಡುಗಳ ಆಶ್ರಯದಲ್ಲಿ ಇಪ್ಪತ್ತೆರಡು ವರ್ಷಗಳಿಗೂ ಮಿಕ್ಕಿ ಕಳೆದು, 1814ರಲ್ಲಿ ಅನ್ಯ ಸೈನ್ಯಗಳು ನೆಪೋಲಿಯನ್ನನನ್ನು ಸೋಲಿಸಿದ ಬಳಿಕವೇ ಅವನು ಹದಿನೆಂಟನೆಯ ಲೂಯಿಯಾಗಿ ಮರಳಿದನು. ಮರಳಿದವನು ಸಂವಿಧಾನಾತ್ಮಕ ಸನ್ನದೊಂದನ್ನು ನೀಡಿಯೇ ಆಳಬೇಕಾಯಿತು.

ಹಾಗಾದರೆ ಅಣ್ಣ ಪಾರಾಗಿದ್ದರೂ ಫಲ ಇದೇ ಆಗುತ್ತಿತ್ತೆ? ಪೂರ್ಣವಾಗಿ ಹಾಗೆನ್ನಲಾಗದು. ತಮ್ಮ ದೇಶ ಬಿಟ್ಟವನು. ಅಣ್ಣ ದೇಶದೊಳಗೇ ಸೈನ್ಯದ ನಡುವೆ ನಿಲ್ಲಬಯಸಿದವನು. ಆದರೆ ಹೊರಡುವಾಗ ಕ್ರಾಂತಿಯ ಕಾರ್ಯಗಳನ್ನು ನಿರಾಕರಿಸುವ ಘೋಷಣೆಯೊಂದನ್ನು ಅವನು ಅರಮನೆಯಲ್ಲಿ ಬಿಟ್ಟುಹೋಗಿದ್ದನು. ಸೆರೆಯಾಗಲಿ ಆಗದಿರಲಿ, ಆ ಬರಹದಿಂದ ದೊರೆಯ ಮೇಲಿನ ನಂಬಿಕೆ ಮುರಿದುಬಿದ್ದಿತ್ತು. ಸೆಪ್ಟೆಂಬರ್ 14ರಂದು ಅವನು ಸಂವಿಧಾನಕ್ಕೆ ಪ್ರಮಾಣ ಮಾಡಿದರೂ ಅದು ಕೂಡಿಕೊಳ್ಳಲಿಲ್ಲ.

1792ರ ಆಗಸ್ಟ್ 10ರಂದು, ಮೈಸೂರಿನ ರಾಯಭಾರಿಗಳನ್ನು ಸ್ವಾಗತಿಸಿದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಗಳ ನಂತರ, ಟ್ಯುಲರಿ ಅರಮನೆಯ ಮೇಲೆ ದಾಳಿಯಾಯಿತು. ಸೆಪ್ಟೆಂಬರ್ 21ರಂದು ರಾಜಪ್ರಭುತ್ವ ರದ್ದಾಯಿತು. ವಿಚಾರಣೆಯ ಕಾಲದಲ್ಲಿ ಮತ್ತೊಂದು ದಾರಿ ತೆರೆದಿತ್ತು. ಸಮಾವೇಶದ ಸದಸ್ಯನಾಗಿದ್ದ ಥಾಮಸ್ ಪೇಯ್ನ್ ದೊರೆಯನ್ನು ಕೊಲ್ಲದೆ ಅಮೆರಿಕಕ್ಕೆ ಗಡೀಪಾರು ಮಾಡಬೇಕೆಂದು ವಾದಿಸಿದನು. ಆ ಸಲಹೆ ಬಿದ್ದುಹೋಯಿತು. ವರೆನ್ನಿನ ದಾರಿಯಲ್ಲಿ ದೊರೆಯನ್ನು ಗುರುತಿಸಿದ ದ್ರೂಯೆ ಮರಣದಂಡನೆಗೆ ಮತ ನೀಡಿದವರಲ್ಲಿ ಒಬ್ಬನು. 1793ರ ಜನವರಿ 21ರಂದು ಲೂಯಿಯನ್ನು ಗಿಲೋಟಿನ್ನಿಗೆ ಒಪ್ಪಿಸಲಾಯಿತು.

ವರೆನ್ನಿನ ಸೇತುವೆಯನ್ನು ದಾಟಿದ್ದರೆ ಲೂಯಿಯ ಪ್ರಾಣ ಬಹುಶಃ ಉಳಿಯುತ್ತಿತ್ತು. ಆದರೆ ಹಳೆಯ ಪ್ರಭುತ್ವ ಉಳಿಯುತ್ತಿತ್ತೆಂಬುದಕ್ಕೆ ತಮ್ಮನ ಜೀವನ ಆಧಾರ ಒದಗಿಸುವುದಿಲ್ಲ. ಘಟಿಸದ ಚರಿತ್ರೆಯ ಚಿಂತನೆಯು ವ್ಯಕ್ತಿಯ ವಿಧಿಯನ್ನೂ ವ್ಯವಸ್ಥೆಯ ವಿಧಿಯನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಉಪಯುಕ್ತವಾಗುತ್ತದೆ ಎಂದು ಇದರಿಂದ ಹೇಳಬಹುದಾಗಿದೆ.