ಬಂಗಾಳದ ಹುಲಿ ಆಶುತೋಷ ಮುಖರ್ಜಿ

ದಾನಗಳಲ್ಲೆಲ್ಲ ವಿದ್ಯಾದಾನವು ಶ್ರೇಷ್ಠವಾದುದು ಎಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಆ ದಾನಕ್ಕೂ ಧನ ಬೇಕು. ಅಧ್ಯಾಪಕರಿಗೆ ವೇತನ, ಪ್ರಯೋಗಶಾಲೆಗೆ ಉಪಕರಣ, ಗ್ರಂಥಾಲಯಕ್ಕೆ ಪುಸ್ತಕ, ವಿದ್ಯಾರ್ಥಿಗಳಿಗೆ ಕಟ್ಟಡ ಇವುಗಳಲ್ಲಿ ಯಾವುದೂ ಹಣವಿಲ್ಲದೆ ಒದಗುವುದಿಲ್ಲ. ಆ ಹಣವನ್ನು ಎಲ್ಲಿಂದ ತರಬೇಕು, ಹೇಗೆ ವೆಚ್ಚ ಮಾಡಬೇಕು, ಅದನ್ನು ಪಡೆಯುವುದಕ್ಕಾಗಿ ಎಷ್ಟರಮಟ್ಟಿಗೆ ತಲೆಬಾಗಬಹುದು ಎಂಬ ಪ್ರಶ್ನೆಗಳನ್ನು ತಮ್ಮ ಜೀವನದುದ್ದಕ್ಕೂ ಎದುರಿಸಿದ ಮಹಾಪುರುಷರು ಸರ್ ಆಶುತೋಷ ಮುಖರ್ಜಿ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಹೆಸರಿನೊಡನೆ ಅವರ ಹೆಸರು ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದೆ.

ಆಶುತೋಷರು 1864ನೆಯ ಇಸವಿ ಜೂನ್ 29ರಂದು ಕಲ್ಕತ್ತಾ ನಗರದಲ್ಲಿ ಜನಿಸಿದರು. ತಂದೆ ಗಂಗಾಪ್ರಸಾದ ಮುಖೋಪಾಧ್ಯಾಯರು ಹೆಸರಾಂತ ವೈದ್ಯರು, ತಾಯಿ ಜಗತ್ತಾರಿಣೀದೇವಿ. ಬಾಲ್ಯದಿಂದಲೇ ಆಶುತೋಷರಿಗೆ ಗಣಿತದಲ್ಲಿ ಅಪಾರವಾದ ಒಲವಿತ್ತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಗಣಿತದಲ್ಲಿ ಸ್ವತಂತ್ರವಾದ ಲೇಖನಗಳನ್ನು ಬರೆದರು. 1885ರಲ್ಲಿ ಗಣಿತದಲ್ಲಿಯೂ ಮರುವರ್ಷ ಭೌತವಿಜ್ಞಾನದಲ್ಲಿಯೂ ಎಂ.ಎ. ಪದವಿಯನ್ನು ಪಡೆದು, ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನಕ್ಕೆ ಪಾತ್ರರಾದರು.

ಗಣಿತ ಸಂಶೋಧನೆಯಲ್ಲಿಯೇ ಜೀವನವನ್ನು ಸವೆಸಬೇಕೆಂಬುದು ಆ ತರುಣನ ಹಂಬಲವಾಗಿತ್ತು. ಅಂದಿನ ಉಪಕುಲಪತಿಗಳಾಗಿದ್ದ ಸರ್ ಗುರುದಾಸ ಬ್ಯಾನರ್ಜಿಯವರು ಅವರಿಗಾಗಿ ಒಂದು ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಲು ಪ್ರಯತ್ನಿಸಿದರು. ಆದರೆ ಅಷ್ಟು ದೊಡ್ಡ ನಗರದಲ್ಲಿ ಆ ಪೀಠಕ್ಕೆ ಬೇಕಾದ ಹಣ ಕೂಡಿಬರಲಿಲ್ಲ. ಹಣದ ಅಭಾವದಿಂದ ದೇಶವು ಒಬ್ಬ ಗಣಿತಜ್ಞನನ್ನು ಕಳೆದುಕೊಂಡಿತು. ಆಶುತೋಷರು ವಕೀಲಿ ವೃತ್ತಿಯನ್ನು ಹಿಡಿದರು. ನ್ಯಾಯಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದರು. 1904ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ತಮಗೆ ಒದಗದ ಅವಕಾಶವನ್ನು ಮುಂದಿನ ಪೀಳಿಗೆಗೆ ಒದಗಿಸಿಕೊಡುವ ಕಾಲ ಅವರಿಗೆ ಬೇಗನೆ ಬಂದಿತು.

1906ರಲ್ಲಿ ಆಶುತೋಷರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ನೇಮಕಗೊಂಡರು. ಆಗ ಅವರಿಗೆ 42 ವರ್ಷಗಳೂ ತುಂಬಿರಲಿಲ್ಲ. ಅದು ವೇತನವಿಲ್ಲದ ಹುದ್ದೆ. ಹಗಲೆಲ್ಲ ನ್ಯಾಯಪೀಠದಲ್ಲಿ ಕುಳಿತು, ಮುಂಜಾನೆ ಮತ್ತು ಸಂಜೆಯ ಹೊತ್ತನ್ನು ಅವರು ವಿಶ್ವವಿದ್ಯಾನಿಲಯಕ್ಕೆ ಮೀಸಲಿಟ್ಟರು. 1914ರವರೆಗೆ ಸತತವಾಗಿ ಎಂಟು ವರ್ಷ ಈ ಹೊಣೆಯನ್ನು ಹೊತ್ತರು.

1857ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾನಿಲಯವು ಅಲ್ಲಿಯವರೆಗೆ ಮುಖ್ಯವಾಗಿ ಪರೀಕ್ಷೆಗಳನ್ನು ನಡೆಸಿ ಪದವಿಗಳನ್ನು ಕೊಡುವ ಸಂಸ್ಥೆಯಾಗಿತ್ತು. ಪಾಠ ಹೇಳುವ ಕೆಲಸ ಕಾಲೇಜುಗಳದಾಗಿತ್ತು. ವಿಶ್ವವಿದ್ಯಾನಿಲಯವು ಸ್ವತಃ ಅಧ್ಯಾಪಕರನ್ನು ನೇಮಿಸಿಕೊಂಡು ಉನ್ನತ ವ್ಯಾಸಂಗವನ್ನು ನಡೆಸಬಹುದೆಂದು 1904ರ ಶಾಸನವು ಅವಕಾಶ ಕಲ್ಪಿಸಿತ್ತು. ಆದರೆ ಅದಕ್ಕೆ ಬೇಕಾದ ಧನವನ್ನು ಶಾಸನವು ಕೊಟ್ಟಿರಲಿಲ್ಲ. ಕಾಗದದ ಮೇಲಿದ್ದ ಆ ಅವಕಾಶಕ್ಕೆ ಜೀವ ತುಂಬಿದವರು ಆಶುತೋಷರು.

ವಿಶ್ವವಿದ್ಯಾನಿಲಯದ ಆದಾಯದ ಮುಖ್ಯ ಮೂಲ ಪರೀಕ್ಷಾ ಶುಲ್ಕ. ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂ, ಬರ್ಮಾಗಳಿಂದ ಸಾವಿರಾರು ವಿದ್ಯಾರ್ಥಿಗಳು ಪ್ರತಿವರ್ಷವೂ ಅದರ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿದ್ದರು. ಒಬ್ಬೊಬ್ಬರು ತೆರುವ ಶುಲ್ಕವು ಅಲ್ಪವಾದರೂ ಹನಿಹನಿಗೂಡಿ ಹಳ್ಳವಾಗುವಂತೆ ಅದು ದೊಡ್ಡ ಮೊತ್ತವಾಗುತ್ತಿತ್ತು. ಪರೀಕ್ಷೆಗಳ ವೆಚ್ಚವನ್ನು ಕಳೆದು ಉಳಿದ ಹಣದಲ್ಲಿ ಒಂದು ಪಾಲನ್ನು ಆಶುತೋಷರು ಸ್ನಾತಕೋತ್ತರ ವ್ಯಾಸಂಗಕ್ಕೆ ತಿರುಗಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತ ಹಳ್ಳಿಯ ಹುಡುಗನ ಶುಲ್ಕವು ಹೀಗೆ ಉನ್ನತ ಸಂಶೋಧನೆಗೆ ನೆರವಾಯಿತು. ಸ್ಯಾಡ್ಲರ್ ಆಯೋಗವು 1919ರಲ್ಲಿ ಒಪ್ಪಿಸಿದ ವರದಿಯ ಪ್ರಕಾರ ಬಂಗಾಳದಲ್ಲಿ ಸುಮಾರು 26,000 ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದ ಶಿಕ್ಷಣ ಪಡೆಯುತ್ತಿದ್ದರು. ಜನಸಂಖ್ಯೆಯಲ್ಲಿ ಬಂಗಾಳಕ್ಕೆ ಸಮನಾಗಿದ್ದ ಬ್ರಿಟನ್ನಿನ ಎಲ್ಲ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಆಶುತೋಷರು ಆ ಆಯೋಗದ ಸದಸ್ಯರಲ್ಲಿ ಒಬ್ಬರಾಗಿದ್ದರು.

ಆದರೆ ವಿಜ್ಞಾನದ ಉನ್ನತ ಶಿಕ್ಷಣಕ್ಕೆ ಕೇವಲ ಶುಲ್ಕದ ಹಣ ಸಾಲದು. ಆಶುತೋಷರು ದೇಶದ ಶ್ರೀಮಂತರ ಔದಾರ್ಯವನ್ನು ಬೇಡಿದರು. 1912ರಲ್ಲಿ ಬ್ಯಾರಿಸ್ಟರ್ ತಾರಕನಾಥ ಪಾಲಿತರು ಸುಮಾರು 15 ಲಕ್ಷ ರೂಪಾಯಿ ಬೆಲೆಬಾಳುವ ಹಣವನ್ನೂ ಆಸ್ತಿಯನ್ನೂ ವಿಶ್ವವಿದ್ಯಾನಿಲಯಕ್ಕೆ ಧಾರೆಯೆರೆದರು. ಮರುವರ್ಷ ಪ್ರಸಿದ್ಧ ನ್ಯಾಯವಾದಿ ರಾಸಬಿಹಾರಿ ಘೋಷರು 10 ಲಕ್ಷ ರೂಪಾಯಿಗಳನ್ನು ಕೊಟ್ಟರು. 1919ರಲ್ಲಿ ಮತ್ತೆ 11 ಲಕ್ಷಕ್ಕೂ ಹೆಚ್ಚಿನ ಹಣವನ್ನು ಕೊಟ್ಟರು. ಈ ದತ್ತಿಗಳ ಮೂಲಧನವನ್ನು ಕರಗಿಸದೆ, ಅದರಿಂದ ಬರುವ ವರಮಾನದಲ್ಲಿ ಪ್ರಾಧ್ಯಾಪಕ ಪೀಠಗಳನ್ನು ನಡೆಸುವ ಏರ್ಪಾಡಾಯಿತು. ಪೀಠಗಳಲ್ಲಿ ಭಾರತೀಯರೇ ಕುಳಿತಿರಬೇಕೆಂಬುದು ದಾನಿಗಳ ನಿಬಂಧನೆಯಾಗಿತ್ತು. 1914ರ ಮಾರ್ಚ್ 27ರಂದು, ತಮ್ಮ ಅಧಿಕಾರಾವಧಿ ಮುಗಿಯಲು ಕೆಲವೇ ದಿನಗಳಿದ್ದಾಗ, ಆಶುತೋಷರು ವಿಜ್ಞಾನ ಕಾಲೇಜಿನ ಅಸ್ತಿಭಾರವನ್ನು ಹಾಕಿದರು.

ಕಟ್ಟಡಕ್ಕಿಂತ ಮಿಗಿಲಾಗಿ ಅವರು ಅರಸಿದುದು ಯೋಗ್ಯರಾದ ಮನುಷ್ಯರನ್ನು. ಸರ್ಕಾರದ ಹಣಕಾಸು ಇಲಾಖೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಚಂದ್ರಶೇಖರ ವೆಂಕಟರಾಮನ್ ಅವರನ್ನು ಪಾಲಿತ ಪೀಠಕ್ಕೆ ಆಹ್ವಾನಿಸಿದರು. ರಾಮನ್ ಅವರು ಹೆಚ್ಚಿನ ವೇತನವನ್ನು ಬಿಟ್ಟು 1917ರಲ್ಲಿ ಪ್ರಾಧ್ಯಾಪಕರಾದರು. ರಸಾಯನಶಾಸ್ತ್ರಕ್ಕೆ ಪ್ರಫುಲ್ಲಚಂದ್ರ ರಾಯ್ ಬಂದರು. ಆಗ ತಾನೇ ವ್ಯಾಸಂಗ ಮುಗಿಸಿದ್ದ ಮೇಘನಾದ ಸಾಹಾ ಮತ್ತು ಸತ್ಯೇಂದ್ರನಾಥ ಬೋಸ್ ಎಂಬ ತರುಣರಿಗೂ ಅಧ್ಯಾಪಕ ಸ್ಥಾನ ದೊರೆಯಿತು. 1919ರಲ್ಲಿ ದೇಶಭಾಷೆಗಳಲ್ಲಿ ಎಂ.ಎ. ವ್ಯಾಸಂಗಕ್ಕೆ ಎಡೆಯಾಯಿತು.

ಕನ್ನಡ ನಾಡಿನೊಡನೆಯೂ ಆಶುತೋಷರಿಗೆ ಸಂಬಂಧವಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದಾಗ ಅದು ಇನ್ನೂ ಎಳೆಯ ಸಸಿ. 1918ರಲ್ಲಿ ಅದರ ಮೊದಲ ಘಟಿಕೋತ್ಸವದ ಭಾಷಣವನ್ನು ಮಾಡಿದವರು ಆಶುತೋಷರೇ. 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿದ್ದ ಡಾ. ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರ ಪೀಠಕ್ಕಾಗಿ ಕಲ್ಕತ್ತೆಗೆ ತೆರಳಿದರು. ಕಲ್ಕತ್ತೆಯಲ್ಲಿ ಆ ಪೀಠವನ್ನು ಅಲಂಕರಿಸಿದ್ದ ಬ್ರಜೇಂದ್ರನಾಥ ಸೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು.

1921ರಲ್ಲಿ ಆಶುತೋಷರು ಎರಡನೆಯ ಸಲ ಉಪಕುಲಪತಿಗಳಾದರು. ಈ ಸಲ ಅವರನ್ನು ಕಾದಿದ್ದುದು ಬರಿದಾಗುತ್ತಿದ್ದ ಬೊಕ್ಕಸ. ಇದಕ್ಕೆ ಹಲವು ಕಾರಣಗಳಿದ್ದವು. 1917ರಲ್ಲಿ ಪಾಟ್ನಾ, 1920ರಲ್ಲಿ ರಂಗೂನ್, 1921ರಲ್ಲಿ ಢಾಕಾ ವಿಶ್ವವಿದ್ಯಾನಿಲಯಗಳು ತಲೆಯೆತ್ತಿದ್ದವು. ಅವುಗಳ ವ್ಯಾಪ್ತಿಗೆ ಸೇರಿದ ವಿದ್ಯಾರ್ಥಿಗಳೊಡನೆ ಅವರ ಶುಲ್ಕವೂ ಕೈಬಿಟ್ಟುಹೋಯಿತು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅನೇಕ ವಿದ್ಯಾರ್ಥಿಗಳು ಶಾಲಾ ಕಾಲೇಜುಗಳನ್ನು ತೊರೆದರು. ಪರೀಕ್ಷೆಗೆ ಕುಳಿತುಕೊಳ್ಳುವವರ ಸಂಖ್ಯೆ ಇಳಿಯಿತು. ಆದಾಯವು ಕುಗ್ಗಿತು, ವೆಚ್ಚವು ಮಾತ್ರ ಕುಗ್ಗಲಿಲ್ಲ. ವಿದ್ಯಾರ್ಥಿಗಳು ಕಡಿಮೆಯಾದರೆಂದು ಪ್ರಾಧ್ಯಾಪಕರನ್ನು ಕಳುಹಿಸುವಂತಿರಲಿಲ್ಲ; ಪ್ರಯೋಗಶಾಲೆಯ ಬಾಗಿಲನ್ನು ಮುಚ್ಚುವಂತಿರಲಿಲ್ಲ. ಅಧ್ಯಾಪಕರ ವೇತನ ಬಾಕಿ ಬಿದ್ದಿತು.

ಟೀಕಾಕಾರರು ಸುಮ್ಮನಿರಲಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ವಿವೇಕವನ್ನು ಉಪಕುಲಪತಿಗಳು ಮರೆತರೆಂದು ಹಲವರು ದೂರಿದರು. ವಿದ್ಯಾರ್ಥಿಗಳಿಲ್ಲದ ವಿಷಯಗಳಿಗೂ ಅಧ್ಯಾಪಕರನ್ನು ನೇಮಿಸಿದ್ದಾರೆ, ಶುಲ್ಕದ ಆಸೆಗಾಗಿ ಪರೀಕ್ಷೆಯ ಮಟ್ಟವನ್ನು ತಗ್ಗಿಸಿದ್ದಾರೆ ಎಂಬ ಆಕ್ಷೇಪಣೆಗಳೂ ಕೇಳಿಬಂದವು. ಇತಿಹಾಸಕಾರ ಜದುನಾಥ ಸರ್ಕಾರರಂಥ ವಿದ್ವಾಂಸರೂ ಟೀಕಿಸಿದವರಲ್ಲಿ ಸೇರಿದ್ದರು. ಈ ಮಾತುಗಳೆಲ್ಲ ನಿರಾಧಾರವಾಗಿದ್ದವೆಂದು ಹೇಳಲಾಗದು. ಮುಂದಿನ ವರ್ಷಗಳ ಆದಾಯವು ಹಿಂದಿನಂತೆಯೇ ಏರುತ್ತ ಹೋಗುವುದೆಂಬ ನಂಬಿಕೆಯ ಮೇಲೆ ಮಾಡಿದ ವಿಸ್ತರಣೆಯಲ್ಲಿ ಅಪಾಯವು ಅಡಗಿತ್ತು. ಆದರೆ ವಿದ್ಯೆಯ ಬೆಲೆಯನ್ನು ಒಂದು ವರ್ಷದ ಆಯವ್ಯಯ ಪಟ್ಟಿಯಿಂದ ಮಾತ್ರ ಅಳೆಯಬಾರದೆಂಬುದು ಆಶುತೋಷರ ನಿಲುವಾಗಿತ್ತು.

1922ರಲ್ಲಿ ಬಂಗಾಳ ಸರ್ಕಾರವು ಎರಡೂವರೆ ಲಕ್ಷ ರೂಪಾಯಿಗಳ ಅನುದಾನವನ್ನು ಕೊಡಲು ಮುಂದಾಯಿತು. ಆದರೆ ಅದರ ಜೊತೆಯಲ್ಲಿ ಷರತ್ತುಗಳಿದ್ದವು. ಹಣಕಾಸಿನ ಸ್ಥಿತಿ ಸರಿಹೋಗುವವರೆಗೆ ಹೊಸ ವೆಚ್ಚಕ್ಕೆ ಕೈಹಾಕಬಾರದು, ಲೆಕ್ಕಪತ್ರಗಳನ್ನು ಸರ್ಕಾರಕ್ಕೆ ಒಪ್ಪಿಸುತ್ತಿರಬೇಕು ಎಂಬಂಥವು ಅವು. ಲೆಕ್ಕ ಕೇಳುವುದು ತಪ್ಪೇ ಎಂದು ಯಾರಾದರೂ ಕೇಳಬಹುದು. ಲೆಕ್ಕ ತೋರಿಸುವುದಕ್ಕೆ ಆಶುತೋಷರು ಅಂಜಿದವರಲ್ಲ. ಹಣದ ಹಗ್ಗದಿಂದ ವಿದ್ಯಾಪೀಠದ ಕೈಕಾಲುಗಳನ್ನು ಕಟ್ಟುವ ಯತ್ನವನ್ನು ಅವರು ಅದರಲ್ಲಿ ಕಂಡರು. ಒಂದು ಕಡೆ ವೇತನವಿಲ್ಲದೆ ಕಷ್ಟದಲ್ಲಿದ್ದ ಅಧ್ಯಾಪಕರು; ಇನ್ನೊಂದು ಕಡೆ ಸಂಸ್ಥೆಯ ಸ್ವಾತಂತ್ರ್ಯ. ಆಯ್ಕೆಯು ಸುಲಭವಾಗಿರಲಿಲ್ಲ. ಆಶುತೋಷರು ಸೆನೆಟ್ ಸಭೆಯಲ್ಲಿ ಎದ್ದು ನಿಂತು, ಸ್ವಾತಂತ್ರ್ಯವನ್ನು ಮಾರಿ ಹಣವನ್ನು ಕೊಳ್ಳಲಾಗದೆಂದು ಸಾರಿದರು. ಷರತ್ತಿನ ಅನುದಾನವು ತಿರಸ್ಕೃತವಾಯಿತು. ಆ ಕಷ್ಟದ ದಿನಗಳಲ್ಲಿಯೇ ಅರವತ್ತು ತುಂಬಿದ್ದ ಪ್ರಫುಲ್ಲಚಂದ್ರ ರಾಯ್ ಅವರು ತಮ್ಮ ಮುಂದಿನ ವೇತನವನ್ನೆಲ್ಲ ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟಿದ್ದರು.

1923ರಲ್ಲಿ ಆಶುತೋಷರ ಅವಧಿ ಮುಗಿಯುವ ಸಮಯ ಬಂದಿತು. ಕುಲಪತಿಗಳೂ ಬಂಗಾಳದ ಗವರ್ನರೂ ಆಗಿದ್ದ ಲಾರ್ಡ್ ಲಿಟ್ಟನ್ನರು, ಸರ್ಕಾರಕ್ಕೆ ಎದುರಾಗಿ ನಡೆಯದೆ ಸಹಕರಿಸುವುದಾದರೆ ಅವರನ್ನು ಮತ್ತೆ ನೇಮಿಸುವುದಾಗಿ ಪತ್ರ ಬರೆದರು. ಆಶುತೋಷರು ಸುದೀರ್ಘವಾದ ಉತ್ತರವನ್ನು ಬರೆದು, ಆ ಗೌರವವನ್ನು ದಿಟ್ಟತನದಿಂದ ನಿರಾಕರಿಸಿದರು. ಪತ್ರವು ಬೆಳಕಿಗೆ ಬಂದಾಗ ದೇಶವೇ ಬೆರಗಾಯಿತು. ಜನರು ಅವರನ್ನು ಬಂಗಾಳದ ಹುಲಿಯೆಂದು ಕರೆದುದು ಅನ್ವರ್ಥವಾಯಿತು.

ಅದೇ ವರ್ಷದ ಕೊನೆಗೆ ಅವರು ನ್ಯಾಯಾಧೀಶ ಪದವಿಯಿಂದ ನಿವೃತ್ತರಾಗಿ ಮತ್ತೆ ವಕೀಲಿಗೆ ಮರಳಿದರು. ಒಂದು ಮೊಕದ್ದಮೆಯ ಸಲುವಾಗಿ ಪಾಟ್ನಾ ನಗರಕ್ಕೆ ಹೋಗಿದ್ದಾಗ, 1924ನೆಯ ಇಸವಿ ಮೇ 25ರಂದು ಅಲ್ಲಿಯೇ ನಿಧನರಾದರು. ಅವರು ಸಂಗ್ರಹಿಸಿದ್ದ 80,000ಕ್ಕೂ ಹೆಚ್ಚು ಪುಸ್ತಕಗಳನ್ನು ಮುಂದೆ ಅವರ ಕುಟುಂಬದವರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಿದರು.

ಆಶುತೋಷರು ಬಿಟ್ಟುಹೋದ ಬೊಕ್ಕಸದಲ್ಲಿ ಕೊರತೆಯಿತ್ತು ಎಂಬುದು ನಿಜ. ಆದರೆ ಅವರು ಹಣ ಕೂಡಿಸಿ ಸ್ಥಾಪಿಸಿದ ಪೀಠದಲ್ಲಿದ್ದ ರಾಮನ್ ಅವರು 1930ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದರು. ಸಾಹಾ ಮತ್ತು ಬೋಸ್ ಅವರ ಹೆಸರುಗಳು ವಿಜ್ಞಾನದ ಚರಿತ್ರೆಯಲ್ಲಿ ಶಾಶ್ವತವಾದವು. ಒಬ್ಬ ಗಣಿತಜ್ಞನಿಗೆ ಒಂದು ಪೀಠವನ್ನು ಒದಗಿಸಲಾರದೆ ಹೋಗಿದ್ದ ನಗರವು, ಆತನ ಸಾಹಸದ ಫಲವಾಗಿ ಅನೇಕ ವಿದ್ವಾಂಸರಿಗೆ ಆಶ್ರಯ ನೀಡುವಂತಾಯಿತು.